ಒಕ್ಕಣೆ ಯಂತ್ರದ್ದು, ರುಜು ನಮ್ಮದು

ನಮ್ಮ ಸಾಹಿತ್ಯ ವಿಮರ್ಶೆ ಕಾವ್ಯ, ಕಾದಂಬರಿ, ನಾಟಕಗಳ ಅಂಗಳವನ್ನು ಬಿಟ್ಟು ಹೊರಗೆ ಕಾಲಿಡುವುದು ಅಪರೂಪ. ಆದರೆ ನಗರವಾಸಿಯಾದ ನಮ್ಮಂಥವರು ವರ್ಷಕ್ಕೆ ಓದುವ ಕವಿತೆಗಳೆಷ್ಟು, ಕಚೇರಿಯ ಕಾಗದಗಳೆಷ್ಟು ಎಂದು ಲೆಕ್ಕ ಹಾಕಿದರೆ ತಕ್ಕಡಿ ಯಾವ ಕಡೆಗೆ ವಾಲುವುದೆಂದು ಹೇಳಬೇಕಾಗಿಲ್ಲ. ಬ್ಯಾಂಕಿನ ತಿಳಿವಳಿಕೆ ಪತ್ರ, ವಿಮಾ ಕಂಪನಿಯ ಉತ್ತರ, ಪಾಲಿಕೆಯ ನೋಟೀಸು, ಮೇಲಧಿಕಾರಿಯ ಟಿಪ್ಪಣಿ, ಸಭೆಯ ನಡವಳಿ: ನಾವು ದಿನವೂ ಓದುವ ಗದ್ಯ ಇದೇ. ಇಷ್ಟು ಮಂದಿ ಓದುವ, ಇಷ್ಟು ಮಂದಿಯ ಸುಖದುಃಖಗಳನ್ನು ನಿರ್ಧರಿಸುವ ಗದ್ಯವನ್ನು ವಿಮರ್ಶಕ ಕಣ್ಣೆತ್ತಿ ನೋಡಬಾರದೆಂಬ ಶಾಸ್ತ್ರವೇನೂ ಇಲ್ಲ.

ನೋಡಿದವರು ಹಿಂದೆ ಇದ್ದಾರೆ. ಬ್ರಿಟನ್ನಿನ ಅರ್ಥಖಾತೆಯ ಕೋರಿಕೆಯಂತೆ ಸರ್ ಅರ್ನೆಸ್ಟ್ ಗವರ್ಸ್ ಎಂಬ ಹಿರಿಯ ಅಧಿಕಾರಿ ೧೯೪೮ರಲ್ಲಿ ‘ಪ್ಲೇನ್ ವರ್ಡ್ಸ್’ ಎಂಬ ಪುಟ್ಟ ಪುಸ್ತಕವನ್ನು ಬರೆದರು. ೧೯೫೪ರಲ್ಲಿ ಅದು ಬೆಳೆದು ‘ದಿ ಕಂಪ್ಲೀಟ್ ಪ್ಲೇನ್ ವರ್ಡ್ಸ್’ ಆಯಿತು. ಸರಕಾರಿ ನೌಕರರು ಜನರಿಗೆ ಕಾಗದ ಬರೆಯುವಾಗ ಹೇಗೆ ಬರೆಯಬೇಕೆಂಬುದೇ ಅದರ ವಸ್ತು. ಇನ್ನು ನಮ್ಮ ಕಡೆಗೆ ಬಂದರೆ, ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಅತ್ಯಂತ ಹಳೆಯದಾದ, ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ದ ಮೊದಲ ಪರಿಚ್ಛೇದವೇ ದೋಷವಿಚಾರ. ಯಾವ ಮಾತು ಯಾವ ಮಾತಿನೊಡನೆ ಸೇರದು ಎಂದು ಹೇಳುವ ಹಕ್ಕು ಕನ್ನಡ ವಿಮರ್ಶೆಗೆ ಹುಟ್ಟಿನಿಂದಲೇ ಬಂದದ್ದು. ಆ ಹಕ್ಕನ್ನು ಕಚೇರಿಯ ಕಾಗದದ ಮೇಲೆ ಚಲಾಯಿಸಲು ಈಗ ಒಂದು ವಿಶೇಷ ಕಾರಣ ಒದಗಿದೆ: ಆ ಕಾಗದವನ್ನು ಬರೆಯುವ ಕೈ ಬದಲಾಗುತ್ತಿದೆ.

ಕಂಪ್ಯೂಟರಿನೊಳಗೆ ಕುಳಿತು ಕಚೇರಿಯ ಕೆಲಸಕ್ಕೆ ನೆರವಾಗುವ ಕೃತಕ ಬುದ್ಧಿಯ ಸಹಾಯಕನನ್ನು ವಾಚಕರಲ್ಲಿ ಅನೇಕರು ಈಗಾಗಲೇ ಬಳಸುತ್ತಿರಬಹುದು. ಚಾಟ್‌ಜಿಪಿಟಿ ಜನರ ಕೈಗೆ ಬಂದದ್ದು ೨೦೨೨ರ ನವೆಂಬರ್ ತಿಂಗಳಿನಲ್ಲಿ. ಮೈಕ್ರೋಸಾಫ್ಟ್ ಸಂಸ್ಥೆ ೨೦೨೩ರ ಮಾರ್ಚಿಯಲ್ಲಿ ತನ್ನ ‘ಕೋಪೈಲಟ್’ ಅನ್ನು ಪ್ರಕಟಿಸಿ, ಅದೇ ವರ್ಷದ ನವೆಂಬರಿನಿಂದ ದೊಡ್ಡ ಸಂಸ್ಥೆಗಳಿಗೆ ತಲೆಗೆ ತಿಂಗಳಿಗೆ ಮೂವತ್ತು ಡಾಲರಿನಂತೆ ಮಾರಲಾರಂಭಿಸಿತು. ಗೂಗಲ್ ಸಂಸ್ಥೆಯ ‘ಜೆಮಿನಿ’ಯೂ ಅದೇ ದಾರಿ ಹಿಡಿದು ಪತ್ರ, ತಖ್ತೆ, ಅಂಚೆಗಳೊಳಗೆ ಬಂದು ಕುಳಿತಿದೆ. ಇಂಥ ಸಹಾಯಕನ ಕಲ್ಪನೆ ಹೊಸದೇನೂ ಅಲ್ಲ. ‘ಆಫೀಸ್ ೯೭’ರಲ್ಲಿ ಕಾಗದದ ಕ್ಲಿಪ್ಪಿನ ರೂಪದ ಒಂದು ಗೊಂಬೆ ಕಣ್ಣು ಪಿಳಿಪಿಳಿ ಮಾಡುತ್ತಾ, ಕೇಳದಿದ್ದರೂ ಸಲಹೆ ಕೊಡಲು ಬರುತ್ತಿತ್ತು, ಜನ ಅದನ್ನು ಬೈದು ಬೈದು ಸುಸ್ತಾದರು, ೨೦೦೭ರ ಆವೃತ್ತಿಯಲ್ಲಿ ಅದಕ್ಕೆ ಜಾಗ ಇರಲಿಲ್ಲ. ಆ ಗೊಂಬೆ ಸಲಹೆ ಕೊಡುತ್ತಿತ್ತು, ಅಷ್ಟೆ. ಈಗಿನದು ಬರೆದೇ ಕೊಡುತ್ತದೆ. ವಿಮರ್ಶೆ ಆರಂಭವಾಗಬೇಕಾದದ್ದು ಇಲ್ಲಿ.

ಇದರ ಕೆಲಸಗಳು ಸ್ಥೂಲವಾಗಿ ಮೂರು: ಲೆಕ್ಕದ ತಖ್ತೆಯಲ್ಲಿ ನೆರವಾಗುವುದು, ಪತ್ರದ ಕರಡು ತಯಾರಿಸುವುದು, ಉದ್ದನೆಯದನ್ನು ಸಂಗ್ರಹಿಸಿ ಹೇಳುವುದು. ಮೂರನ್ನೂ ಒಂದೇ ಮಾತಿನಲ್ಲಿ ಹೊಗಳುವುದೂ ತಪ್ಪು, ತೆಗಳುವುದೂ ತಪ್ಪು. ಒಂದೊಂದರ ಗುಣವೂ ಬೇರೆ.

ಮೊದಲು ತಖ್ತೆ. ಸಾಲು, ಕಂಬಗಳಲ್ಲಿ ಅಂಕಿಗಳನ್ನಿಟ್ಟು, ಒಂದನ್ನು ತಿದ್ದಿದರೆ ಉಳಿದವು ತಾವಾಗಿ ತಿದ್ದಿಕೊಳ್ಳುವ ವಿದ್ಯುನ್ಮಾನ ತಖ್ತೆಯನ್ನು ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ೧೯೭೯ರಲ್ಲಿ ‘ವಿಸಿಕ್ಯಾಲ್ಕ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದರು. ಎಕ್ಸೆಲ್ ೧೯೮೫ರಲ್ಲಿ ಬಂತು. ಅಂದಿನಿಂದ ಗುಮಾಸ್ತೆಯ ಬೆನ್ನುನೋವು ಎಷ್ಟೋ ಇಳಿದಿದ್ದರೂ ಸೂತ್ರಗಳ ಸಿಕ್ಕು ಉಳಿದೇ ಇತ್ತು. ಮೂರು ಜಿಲ್ಲೆಗಳ ಬಾಕಿ ವಸೂಲಿಯನ್ನು ತಿಂಗಳುವಾರು ಬಿಡಿಸಬೇಕೆಂದು ಈಗ ಕನ್ನಡದಲ್ಲಿಯೇ ಹೇಳಿದರೆ ಸಹಾಯಕ ಸೂತ್ರವನ್ನು ಬರೆದುಕೊಡುತ್ತಾನೆ. ಇದು ಉಪಕಾರವೇ ಎಂದು ನಾನು ಮನಸ್ಸು ಬಿಚ್ಚಿ ಒಪ್ಪುತ್ತೇನೆ. ಏಕೆಂದರೆ ಸೂತ್ರವೆಂಬುದು ತೆರೆದಿಟ್ಟ ಪುಸ್ತಕ. ಯಾವ ಸಾಲಿನಿಂದ ಯಾವ ಸಾಲಿನವರೆಗೆ ಕೂಡಿದೆ ಎಂದು ಬೆರಳಿಟ್ಟು ನೋಡಬಹುದು.

ಹೀಗೆ ನೋಡುವುದರ ಬೆಲೆ ಏನೆಂಬುದಕ್ಕೆ ಒಂದು ಪ್ರಸಿದ್ಧ ನಿದರ್ಶನವುಂಟು. ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ೨೦೧೦ರಲ್ಲಿ ಪ್ರಕಟಿಸಿದ ಲೇಖನವೊಂದು, ದೇಶದ ಸಾಲ ಅದರ ಉತ್ಪನ್ನದ ಶೇಕಡಾ ೯೦ನ್ನು ಮೀರಿದರೆ ಬೆಳವಣಿಗೆ ಕುಸಿಯುತ್ತದೆಂದು ಹೇಳಿ, ಅನೇಕ ಸರಕಾರಗಳ ಮಿತವ್ಯಯದ ವಾದಕ್ಕೆ ಆಧಾರವಾಯಿತು. ೨೦೧೩ರಲ್ಲಿ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿ ಅವರ ಎಕ್ಸೆಲ್ ತಖ್ತೆಯನ್ನೇ ತರಿಸಿಕೊಂಡು ನೋಡಿದಾಗ, ಸರಾಸರಿಯ ಸೂತ್ರ ಐದು ದೇಶಗಳ ಸಾಲುಗಳನ್ನು ಬಿಟ್ಟುಬಿಟ್ಟಿತ್ತು. ಆ ತಪ್ಪನ್ನೂ, ತಾವು ಆಕ್ಷೇಪಿಸಿದ ಇತರ ಆಯ್ಕೆಗಳನ್ನೂ ಸರಿಪಡಿಸಿ ಅವನೂ ಅವನ ಅಧ್ಯಾಪಕರೂ ಎಣಿಸಿದಾಗ, ಮೈನಸ್ ೦.೧ ಎಂದಿದ್ದ ಬೆಳವಣಿಗೆಯ ದರ ೨.೨ ಆಯಿತು. ಇಬ್ಬರು ಪಂಡಿತರೂ ಎಡವಿದರೆಂಬುದು ಇಲ್ಲಿ ನನಗೆ ಮುಖ್ಯವಲ್ಲ. ಎಡವಿದ ಕಲ್ಲು ಕಣ್ಣಿಗೆ ಕಾಣುವಂತಿತ್ತೆಂಬುದು ಮುಖ್ಯ. ಆದ್ದರಿಂದ ಸಹಾಯಕನಿಂದ ಸೂತ್ರವನ್ನು ಪಡೆಯುವುದು ಬುದ್ಧಿವಂತಿಕೆ. ಸೂತ್ರವಿಲ್ಲದೆ ಬರೀ ಮೊತ್ತವನ್ನು ಪಡೆದು ನಂಬುವುದು ಸಾಹಸ.

ಎರಡನೆಯದು ಪತ್ರ. ಇಲ್ಲಿ ವಿಷಯ ಸೂಕ್ಷ್ಮವಾಗುತ್ತದೆ. ಸಹಾಯಕನ ಬರವಣಿಗೆಯ ವಿಧಾನವನ್ನು ಒಂದೆರಡು ಮಾತಿನಲ್ಲಿ ಹೇಳುವುದಾದರೆ: ಅಪಾರ ಬರಹಗಳಿಂದ ಕಲಿತು, ಇದುವರೆಗಿನ ಮಾತುಗಳ ಹಿಂದೆ ಯಾವ ತುಣುಕು ಬರುವ ಸಂಭವ ಹೆಚ್ಚೆಂದು ಎಣಿಸಿ, ಒಂದೊಂದನ್ನೇ ಪೋಣಿಸುತ್ತಾ ಹೋಗುವುದು. ೨೦೧೭ರಲ್ಲಿ ಗೂಗಲ್ಲಿನ ಸಂಶೋಧಕರು ರೂಪಿಸಿದ ‘ಟ್ರಾನ್ಸ್‌ಫಾರ್ಮರ್’ ಎಂಬ ರಚನೆ ಇದರ ಬೆನ್ನೆಲುಬು. ಹೀಗೆ ಕಲಿತದ್ದರಲ್ಲಿ ಇಂಗ್ಲಿಷಿನದೇ ಸಿಂಹಪಾಲು. ೨೦೧೧ರ ಜನಗಣತಿಯಂತೆ ಕನ್ನಡವನ್ನು ಮಾತೃಭಾಷೆಯೆಂದವರು ಸುಮಾರು ೪.೩೭ ಕೋಟಿ, ಆದರೆ ಯಂತ್ರಕ್ಕೆ ದೊರೆಯುವ ಕನ್ನಡ ಬರಹ ಈ ಸಂಖ್ಯೆಗೆ ಯಾವ ರೀತಿಯಲ್ಲಿಯೂ ಸಮನಲ್ಲ, ದೊರೆಯುವುದರಲ್ಲಿಯೂ ಇಂಗ್ಲಿಷಿನಿಂದ ಅನುವಾದವಾದದ್ದು ಬಹಳ. ಇದರ ಫಲ ಒಕ್ಕಣೆಯಲ್ಲಿ ಎದ್ದು ಕಾಣುತ್ತದೆ. ‘ಈ ಪತ್ರವು ನಿಮ್ಮನ್ನು ಚೆನ್ನಾಗಿ ಕಂಡುಕೊಳ್ಳುತ್ತದೆ ಎಂದು ಭಾವಿಸುತ್ತೇನೆ’ ಎಂಬಂಥ ಆರಂಭವನ್ನು ನೋಡಿದರೆ, ಪತ್ರವೆಂಬುದು ಕಳೆದುಹೋದವರನ್ನು ಹುಡುಕಲು ಹೊರಟ ಪೋಲೀಸಿನವನೇನೋ ಎನ್ನಿಸುತ್ತದೆ. ನಮ್ಮ ಹಿರಿಯರು ‘ಉಭಯ ಕುಶಲೋಪರಿ ಸಾಂಪ್ರತ’ ಎಂದು ಎರಡು ಮೂರು ಪದಗಳಲ್ಲಿ ಮುಗಿಸುತ್ತಿದ್ದ ಕೆಲಸ ಇದು.

ಹಿರಿಯರ ಒಕ್ಕಣೆಯೂ ಸವೆದ ಅಚ್ಚೇ ಅಲ್ಲವೆ, ಯಂತ್ರದ ಅಚ್ಚನ್ನು ಮಾತ್ರ ಏಕೆ ದೂರಬೇಕು ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ನನ್ನ ಉತ್ತರ ಇಷ್ಟು: ಆ ಅಚ್ಚು ಬಾಗಿಲಿನ ತೋರಣದಂತೆ ಹೊಸ್ತಿಲಲ್ಲಿಯೇ ನಿಲ್ಲುತ್ತಿತ್ತು, ಒಳಗೆ ಕಾಲಿಟ್ಟರೆ ಮನೆಯವರ ಧ್ವನಿ ಕೇಳುತ್ತಿತ್ತು. ‘ಎಮ್ಮೆ ಕರು ಹಾಕಿದೆ, ನೀನು ದೀಪಾವಳಿಗೆ ಬಾ’ ಎಂಬ ಮಾತಿಗೆ ಅಚ್ಚು ಇರಲಿಲ್ಲ. ಯಂತ್ರದ ಕರಡಿನಲ್ಲಿ ತೋರಣ ಹೊಸ್ತಿಲಿನಿಂದ ಹಿತ್ತಿಲಿನವರೆಗೂ ಹಬ್ಬುತ್ತದೆ.

ಇದನ್ನು ಪರೀಕ್ಷಿಸಲು ನಾನು ಇಂಥ ಸಹಾಯಕನೊಬ್ಬನಿಗೆ ಮೂರು ಮಾತು ಕೊಟ್ಟು ಪತ್ರ ಬರೆಯಹೇಳಿದೆ. ಪಿಂಚಣಿದಾರರು ನವೆಂಬರ್ ತಿಂಗಳೊಳಗೆ ಜೀವಿತ ಪ್ರಮಾಣಪತ್ರ ಕೊಡಬೇಕು. ಕೊಡದಿದ್ದರೆ ಡಿಸೆಂಬರಿನಿಂದ ಹಣ ನಿಲ್ಲುತ್ತದೆ. ಓಡಾಡಲಾರದವರು ಹೇಳಿಕಳಿಸಿದರೆ ನಮ್ಮವರೇ ಮನೆಗೆ ಬರುತ್ತಾರೆ. ಇಷ್ಟೇ ವಿಷಯ. ಬಂದ ಕರಡು ಒಂದು ಪುಟವನ್ನು ತುಂಬಿತ್ತು. ಅಕ್ಷರದೋಷವಿಲ್ಲ, ವ್ಯಾಕರಣ ಬಹುಮಟ್ಟಿಗೆ ನೆಟ್ಟಗಿದೆ, ವಿನಯಕ್ಕೆ ಕೊರತೆಯಿಲ್ಲ. ‘ತಮ್ಮ ಅಮೂಲ್ಯ ಸೇವೆಯನ್ನು ಗೌರವಿಸುತ್ತಾ’ ಎಂದು ಮೊದಲಾಗಿ, ‘ತಡೆರಹಿತ ಸೌಲಭ್ಯವನ್ನು ಖಚಿತಪಡಿಸಿಕೊಳ್ಳುವ ನಿಟ್ಟಿನಲ್ಲಿ’ ಎಂದು ಸಾಗಿ, ಮೂರನೆಯ ಮಾತಿಗೆ ಬರುವ ಹೊತ್ತಿಗೆ ‘ಅಗತ್ಯವುಳ್ಳವರಿಗೆ ಸೂಕ್ತ ನೆರವನ್ನು ಒದಗಿಸಲಾಗುವುದು’ ಎಂದಿತ್ತು.

ಈ ಕೊನೆಯ ವಾಕ್ಯವನ್ನು ವಾಚಕರು ದಯವಿಟ್ಟು ಇನ್ನೊಮ್ಮೆ ಓದಬೇಕು. ನಾನು ಕೊಟ್ಟ ಮಾತಿನಲ್ಲಿ ಒಬ್ಬ ಮನುಷ್ಯ ಎದ್ದು ಇನ್ನೊಬ್ಬ ಮನುಷ್ಯನ ಮನೆಗೆ ನಡೆದುಹೋಗುತ್ತಾನೆ. ಯಂತ್ರದ ವಾಕ್ಯದಲ್ಲಿ ಹೋಗುವವನೂ ಇಲ್ಲ, ಮನೆಯೂ ಇಲ್ಲ, ನಡಿಗೆಯೂ ಇಲ್ಲ. ಮೊಣಕಾಲು ಹಿಡಿದುಕೊಂಡು ಹಾಸಿಗೆಯ ಮೇಲೆ ಕುಳಿತಿರುವ ಎಂಬತ್ತರ ಅಜ್ಜಿಗೆ ಮೊಮ್ಮಗ ಈ ಪತ್ರವನ್ನು ಓದಿ ಹೇಳಿದರೆ, ಯಾರೋ ಮನೆಗೆ ಬರುತ್ತಾರೆಂದು ಆಕೆಗೆ ಹೇಗೆ ಗೊತ್ತಾಗಬೇಕು? ಬೆರಳಚ್ಚಿನಿಂದ ಮನೆಯಲ್ಲಿಯೇ ಪ್ರಮಾಣಪತ್ರ ಕೊಡುವ ‘ಜೀವನ್ ಪ್ರಮಾಣ್’ ಏರ್ಪಾಡು ೨೦೧೪ರಿಂದಲೇ ಇದೆ. ಆದರೆ ಏರ್ಪಾಡು ಇದ್ದರೆ ಸಾಲದು, ಅದು ಇದೆಯೆಂದು ತಿಳಿಯುವ ಮಾತಿನಲ್ಲಿ ಯಾರಾದರೂ ಹೇಳಬೇಕು. ಹೊಳೆಯಲ್ಲಿ ಹುಣಿಸೆಹಣ್ಣು ಕಿವುಚಿದಂತೆ ಅನ್ನುವ ಗಾದೆ ನಮ್ಮಲ್ಲಿದೆ. ಮೂರು ಮಾತಿನ ಹುಳಿ ಒಂದು ಪುಟದ ನೀರಿನಲ್ಲಿ ಕರಗಿಹೋಯಿತು. ಕೆಟ್ಟ ಗದ್ಯವೆಂದರೆ ಕಿವಿಗೆ ಒರಟಾದ ಗದ್ಯವೆಂದು ನಾವು ತಿಳಿದಿದ್ದೇವೆ. ಹಾಗಲ್ಲ, ಒಬ್ಬಳು ಅಜ್ಜಿಗೆ ಡಿಸೆಂಬರ್ ತಿಂಗಳ ಪಿಂಚಣಿ ತಪ್ಪಿಸಬಲ್ಲ ಗದ್ಯ ಎಷ್ಟು ನಯವಾಗಿದ್ದರೂ ಕೆಟ್ಟದ್ದೇ.

‘ಲಾಗುವುದು’, ‘ಲಾಗಿದೆ’ ಎಂಬ ಈ ಪ್ರಯೋಗಕ್ಕೆ ಯಂತ್ರವೊಂದನ್ನೇ ಹೊಣೆ ಮಾಡುವುದು ನ್ಯಾಯವಲ್ಲ. ಕನ್ನಡವನ್ನು ಆಡಳಿತ ಭಾಷೆಯೆಂದು ಸಾರಿದ ಅಧಿನಿಯಮ ೧೯೬೩ರಲ್ಲಿ ಬಂದ ಮೇಲೆ, ಇಂಗ್ಲಿಷ್ ಕಡತಗಳ ಕರ್ಮಣಿ ಪ್ರಯೋಗವನ್ನು ಪದಕ್ಕೆ ಪದವಿಟ್ಟು ಕನ್ನಡಕ್ಕಿಳಿಸಿದವರು ನಾವೇ. ‘ಪರಿಶೀಲಿಸಲಾಗುವುದು’ ಎಂದರೆ ಪರಿಶೀಲಿಸುವವರು ಯಾರೆಂದು ಹೇಳಬೇಕಾಗಿಲ್ಲವೆಂಬ ಅನುಕೂಲವನ್ನು ಮೊದಲು ಕಂಡುಕೊಂಡವರೂ ನಮ್ಮ ಕಚೇರಿಗಳವರೇ. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆಯಲ್ಲಿ ಪೂಜಾರಿ ಯಾರೆಂಬುದಾದರೂ ಗೊತ್ತು. ಈ ವ್ಯಾಕರಣದಲ್ಲಿ ಪೂಜಾರಿ ಗರ್ಭಗುಡಿಯ ಕತ್ತಲೆಯಲ್ಲಿ ಮಾಯವಾಗಿರುತ್ತಾನೆ. ಯಂತ್ರ ನಮ್ಮ ಮುಖಕ್ಕೆ ನಮ್ಮದೇ ಕನ್ನಡಿಯನ್ನು ಹಿಡಿದಿದೆ. ವ್ಯತ್ಯಾಸ ಇಷ್ಟೆ: ಹಿಂದೆ ಒಬ್ಬ ಗುಮಾಸ್ತೆ ದಿನಕ್ಕೆ ಹತ್ತು ಕಾಗದಗಳಲ್ಲಿ ಮಾಡುತ್ತಿದ್ದ ತಪ್ಪನ್ನು ಈಗ ಯಂತ್ರ ಒಂದು ಗಂಟೆಯಲ್ಲಿ ನೂರು ಕಾಗದಗಳಲ್ಲಿ ಮಾಡಬಲ್ಲದು.

ಮೂರನೆಯದು ಸಂಗ್ರಹ. ಉದ್ದನೆಯ ಪತ್ರವ್ಯವಹಾರವನ್ನಾಗಲಿ, ಎರಡು ಗಂಟೆಯ ಸಭೆಯನ್ನಾಗಲಿ ಐದು ಸಾಲಿನಲ್ಲಿ ಹಿಡಿದುಕೊಡುವ ಈ ಶಕ್ತಿಯನ್ನೇ ಬಹಳ ಜನ ಮೆಚ್ಚುತ್ತಾರೆ. ರಜೆಯಿಂದ ಬಂದವರಿಗೆ ಅದು ವರದಾನವೇ. ಆದರೆ ವಿಮರ್ಶಕನಾಗಿ ನಾನು ಒಂದು ಮಾತು ಹೇಳಲೇಬೇಕು: ಸಂಗ್ರಹವೆಂದರೆ ಗಾತ್ರ ಕುಗ್ಗಿದ ಮೂಲವಲ್ಲ, ಅದು ಮೂಲದ ಮೇಲೆ ಒಬ್ಬರು ಕೊಟ್ಟ ತೀರ್ಪು. ಯಾವುದು ಮುಖ್ಯ, ಯಾವುದು ಅಮುಖ್ಯ ಎಂಬ ನಿರ್ಧಾರ ಅದರೊಳಗೆ ಅಡಗಿರುತ್ತದೆ. ಕಾದಂಬರಿಯ ಕಥಾಸಾರವನ್ನು ಮಾತ್ರ ಓದಿ ಪರೀಕ್ಷೆಗೆ ಕುಳಿತ ವಿದ್ಯಾರ್ಥಿಗೆ ಕಥೆ ಗೊತ್ತಿರುತ್ತದೆ, ಕಾದಂಬರಿ ಗೊತ್ತಿರುವುದಿಲ್ಲ.

ಸಭೆಯೊಂದರಲ್ಲಿ ಹೊಸ ಕಟ್ಟಡದ ಪ್ರಸ್ತಾಪ ಬಂದು, ಹಣಕಾಸು ನೋಡಿಕೊಳ್ಳುವ ಹಿರಿಯರು ಕನ್ನಡಕ ತೆಗೆದು ಒರೆಸುತ್ತಾ, ‘ಆಗಲಿ, ನೋಡೋಣ’ ಎಂದರೆಂದು ಇಟ್ಟುಕೊಳ್ಳೋಣ. ಕನ್ನಡ ಕಚೇರಿಯಲ್ಲಿ ಒಂದು ವಾರ ಕೆಲಸ ಮಾಡಿದ ಹುಡುಗನಿಗೂ ಇದರ ಅರ್ಥ ಗೊತ್ತು: ಆಗುವುದಿಲ್ಲ. ‘ಆಗಲಿ’ ಎಂಬ ಪದವನ್ನು ಹಿಡಿದ ಯಂತ್ರ ‘ಹಣಕಾಸು ವಿಭಾಗ ಪ್ರಸ್ತಾಪಕ್ಕೆ ಒಪ್ಪಿಗೆ ಸೂಚಿಸಿತು’ ಎಂದು ಬರೆದುಬಿಡುವ ಸಂಭವ ಉಂಟು. ನಡವಳಿ ಕಡತಕ್ಕೆ ಸೇರುತ್ತದೆ; ಕಡತಕ್ಕೆ ಸೇರಿದ್ದು ಸತ್ಯವಾಗುತ್ತದೆ. ‘ಕಡತ’ವೆಂಬ ಪದದ ಚರಿತ್ರೆಯನ್ನು ಇಲ್ಲಿ ನೆನೆಯುವುದು ಸೂಕ್ತ. ಹಿಂದೆ ಅದು ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಕಪ್ಪಾಗಿಸಿ ಮಡಿಸಿಟ್ಟ ಬಟ್ಟೆ; ಅದರ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಬಳಪದ ಬರಹವನ್ನು ಒರೆಸಿದವರು ಯಾರೆಂದು ಊರು ಕೇಳುತ್ತಿತ್ತು. ಸಂಗ್ರಹದಲ್ಲಿ ಬಿಟ್ಟುಹೋದದ್ದು ಒರೆಸಿದ್ದೆಂದು ಗೊತ್ತಾಗುವುದೇ ಇಲ್ಲ. ಅಲ್ಲಿ ಕಲೆಯೂ ಉಳಿಯುವುದಿಲ್ಲ.

ಇದಕ್ಕೆ ಸೇರಿದ ಇನ್ನೊಂದು ವಿಚಿತ್ರವೂ ಇದೆ. ಕಳಿಸುವವರು ಒಂದು ಸಾಲಿನ ಸೂಚನೆ ಕೊಟ್ಟು ಒಂದು ಪುಟದ ಪತ್ರ ಮಾಡಿಸುತ್ತಾರೆ. ಪಡೆದವರು ಆ ಪುಟವನ್ನು ತಮ್ಮ ಸಹಾಯಕನಿಗೆ ಕೊಟ್ಟು ಒಂದು ಸಾಲು ಮಾಡಿಸಿಕೊಳ್ಳುತ್ತಾರೆ. ಇಬ್ಬರೂ ಸಮಯ ಉಳಿಯಿತೆಂದು ಹಿಗ್ಗುತ್ತಾರೆ. ನಡುವೆ ಇದ್ದ ಪುಟ ಯಾರಿಗಾಗಿ ಹುಟ್ಟಿತು, ಯಾರಿಗಾಗಿ ಸತ್ತಿತು? ಆ ಒಂದು ಸಾಲನ್ನೇ ನೇರವಾಗಿ ಕಳಿಸಿದ್ದರೆ ಹೆಚ್ಚು ಸಮಯ ಉಳಿಯುತ್ತಿತ್ತಲ್ಲದೆ, ಹೋಗುವಾಗ ಇದ್ದ ಸಾಲು ಬರುವಾಗ ಬೇರೆಯಾಗುವ ಅಪಾಯವೂ ಇರುತ್ತಿರಲಿಲ್ಲ. ಚುಟುಕಾಗಿ ಬರೆದರೆ ಅಗೌರವವೆಂಬ ನಮ್ಮ ಭ್ರಮೆಯೇ ಇದರ ಮೂಲವೆಂದು ತೋರುತ್ತದೆ.

ಇಷ್ಟು ಹೇಳಿದ ಮೇಲೆ ಎದುರು ಪಕ್ಷದ ಬಲವನ್ನೂ ತೂಗಬೇಕು. ನಗರಗಳಲ್ಲಿ ಕನ್ನಡವನ್ನು ಮನೆಯಲ್ಲಿ ಆಡುತ್ತಾ, ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಓದಿ, ಕನ್ನಡದಲ್ಲಿ ನಾಲ್ಕು ಸಾಲು ಬರೆಯಲು ಅಂಜುವ ಒಂದು ಪೀಳಿಗೆಯೇ ಬೆಳೆದಿದೆ. ಅವರ ಕೈಯಿಂದ ಕನ್ನಡ ಪತ್ರ ಬರೆಸುವ ಸಾಧನವನ್ನು ಸುಮ್ಮನೆ ಹಳಿಯಲಾಗದು. ಕಚೇರಿಯ ಭಾಷೆಗೆ ಹೆದರಿ ಅರ್ಜಿಯನ್ನೇ ಕೊಡದೆ ಉಳಿದ ಬಡವರಿಗೂ ಇದು ಊರುಗೋಲಾಗಬಹುದು. ನಿಜ. ಆದರೆ ತಾಲ್ಲೂಕು ಕಚೇರಿಯ ಮುಂದೆ ಮರದ ನೆರಳಿನಲ್ಲಿ ಅರ್ಜಿ ಬರೆದುಕೊಡುತ್ತಿದ್ದವರನ್ನು ನೆನಪು ಮಾಡಿಕೊಳ್ಳಿ. ಅವರು ಲೇಖನಿ ಎತ್ತುವ ಮೊದಲು ಕೇಳುತ್ತಿದ್ದರು: ‘ಜಮೀನು ಯಾರ ಹೆಸರಿನಲ್ಲಿದೆ? ಕಂದಾಯದ ರಸೀತಿ ಇದೆಯೇನಪ್ಪ? ಹಿಂದೆ ಅರ್ಜಿ ಕೊಟ್ಟಿದ್ದೆಯಾ? ಏನೆಂದು ಶರಾ ಬರೆದರು?’ ಅವರ ಒಕ್ಕಣೆ ಹಳತಾಗಿರಬಹುದು; ಅವರ ಪ್ರಶ್ನೆಗಳು ಆ ಅರ್ಜಿಗೆ ಜೀವ ತುಂಬುತ್ತಿದ್ದವು. ಯಂತ್ರ ಸಾಮಾನ್ಯವಾಗಿ ಕೇಳದೆಯೇ ಬರೆಯುತ್ತದೆ; ತಿಳಿಯದ ಜಾಗವನ್ನು ಸುಂದರವಾದ ಮಾತಿನಿಂದ ಮುಚ್ಚುತ್ತದೆ. ‘ಬರೆಯುವ ಮೊದಲು ನಿನಗೆ ಏನೇನು ತಿಳಿಯಬೇಕೋ ನನ್ನನ್ನು ಕೇಳು’ ಎಂದು ಅಪ್ಪಣೆ ಮಾಡಿದರೆ ಅದು ಕೇಳಲೂ ಬಲ್ಲದು. ಆ ಅಪ್ಪಣೆ ಮಾಡುವವರು ಕಡಿಮೆ, ಅಷ್ಟೆ. ನನಗೆ ತೋರುವಂತೆ, ಈ ಸಹಾಯಕನಿಂದ ನಿಜವಾದ ಕೆಲಸ ತೆಗೆಯುವ ಗುಟ್ಟು ಇದೊಂದೇ: ಮೊದಲು ಅದರ ಬಾಯಿಂದ ಉತ್ತರವನ್ನಲ್ಲ, ಪ್ರಶ್ನೆಯನ್ನು ಹೊರಡಿಸಬೇಕು.

ಕರಡು ಬಂದ ಮೇಲೆ ಮಾಡಬೇಕಾದದ್ದೂ ಕಷ್ಟವೇನಲ್ಲ. ಗಟ್ಟಿಯಾಗಿ ಓದಿರಿ; ಎದುರಿಗಿರುವವರಿಗೆ ಹೇಳಲು ನಾಚಿಕೆಯಾಗುವ ಮಾತನ್ನು ಹೊಡೆದುಹಾಕಿರಿ. ‘ಲಾಗುವುದು’ ಕಂಡಲ್ಲಿ ನಿಂತು ‘ಯಾರು?’ ಎಂದು ಕೇಳಿರಿ. ತಾರೀಖು, ಮೊತ್ತ, ಹೆಸರುಗಳನ್ನು ಮೂಲದೊಡನೆ ಹೋಲಿಸಿರಿ. ಸಂಗ್ರಹದ ಮೇಲೆ ತೀರ್ಮಾನ ಮಾಡುವ ಮುನ್ನ, ಒಪ್ಪದವರು ಏನು ಹೇಳಿದ್ದರೆಂದು ಮೂಲದಲ್ಲಿಯೇ ಹುಡುಕಿರಿ. ಇವೆಲ್ಲವೂ ಕೂಡಿ ಹಿಡಿಯುವ ಹೊತ್ತು ಉಳಿದ ಹೊತ್ತಿಗಿಂತ ಹೆಚ್ಚಾದರೆ, ಆ ಕಾಗದವನ್ನು ನೀವೇ ಬರೆಯಬೇಕಾಗಿತ್ತೆಂದು ಅರ್ಥ.

ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯದಲ್ಲಿ ೨೦೨೩ರಲ್ಲಿ ನಡೆದ ಒಂದು ಪ್ರಕರಣ ಈ ವಿಷಯದಲ್ಲಿ ಕೊನೆಯ ಮಾತನ್ನು ಹೇಳಿದೆಯೆಂದು ನನ್ನ ಭಾವನೆ. ವಿಮಾನ ಸಂಸ್ಥೆಯೊಂದರ ಮೇಲಿನ ದಾವೆಯಲ್ಲಿ ಪ್ರಯಾಣಿಕನ ಪರ ವಕೀಲರು ಸಲ್ಲಿಸಿದ ಬರಹದಲ್ಲಿ ಎಲ್ಲಿಯೂ ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಲಾಗಿತ್ತು. ನೋಡಿ, ನನ್ನ ಲೇಖನಿಗೂ ‘ಲಾಗಿತ್ತು’ ನುಸುಳಿತು. ತಿದ್ದಿ ಹೇಳುವುದಾದರೆ, ಆ ತೀರ್ಪುಗಳನ್ನು ಸೃಷ್ಟಿಸಿದ್ದು ಚಾಟ್‌ಜಿಪಿಟಿ, ನ್ಯಾಯಾಲಯದ ಮುಂದಿಟ್ಟದ್ದು ವಕೀಲರು. ನ್ಯಾಯಾಧೀಶರು ಐದು ಸಾವಿರ ಡಾಲರ್ ದಂಡ ವಿಧಿಸಿದ್ದು ವಕೀಲರಿಗೆ. ಸಹಾಯಕನ ನೆರವು ಪಡೆಯುವುದರಲ್ಲಿ ತಾನಾಗಿ ತಪ್ಪೇನೂ ಇಲ್ಲವೆಂದು ಹೇಳಿದ ಅವರು, ಸಲ್ಲಿಸಿದ ಮಾತಿಗೆ ವಕೀಲರೇ ಹೊಣೆಯೆಂದು ಎತ್ತಿಹಿಡಿದರು. ಕರ್ತೃಪದವನ್ನು ವಾಕ್ಯದಿಂದ ಬಿಡಬಹುದು, ಲೋಕದಿಂದ ಬಿಡಲಾಗದು.

ಒಕ್ಕಣೆಯನ್ನು ಯಂತ್ರಕ್ಕೆ ಕಲಿಸಿದ್ದಾಗಿದೆ. ಮುಂದೆ ಅದು ಇನ್ನೂ ಚೆನ್ನಾದ ಕನ್ನಡವನ್ನು ಕಲಿತೀತು, ಕಲಿಯಲಿ. ಒಳ್ಳೆಯ ಕನ್ನಡ ಗದ್ಯವನ್ನು ನಾವು ಹೆಚ್ಚು ಬರೆದಷ್ಟೂ ಅದು ಹೆಚ್ಚು ಕಲಿಯುತ್ತದೆ. ಆದರೆ ಕಾಗದದ ಕೊನೆಯಲ್ಲಿ ‘ಇಂತಿ’ ಎಂದ ಮೇಲೆ ಒಂದು ಹೆಸರು ಬರಬೇಕು. ‘ನಾನು ಬರುತ್ತೇನೆ’ ಎಂದು ಅಜ್ಜಿಗೆ ಮಾತು ಕೊಡಬಲ್ಲದ್ದು ಆ ಹೆಸರೊಂದೇ. ರುಜು ಹಾಕುವ ಮೊದಲು ಒಂದು ಸಲ ಓದುವಷ್ಟು ಹೊತ್ತು ನಮಗೆ ಇಲ್ಲವೆಂದಾದರೆ, ಇಷ್ಟೆಲ್ಲ ಯಂತ್ರಗಳು ಉಳಿಸಿಕೊಟ್ಟ ಹೊತ್ತು ಎಲ್ಲಿಗೆ ಹೋಯಿತೆಂದು ನಾವೇ ಕೇಳಿಕೊಳ್ಳಬೇಕಾದೀತು.